ಗುರುತಿನ ಮಾತು ಹೇಳಲಾಗದ ನಮ್ಮಣ್ಣ

ಬೀದರಿನ ಚಿದ್ರಿಯಲ್ಲಿ ನಮ್ಮ ಮನೆ. ಅಲ್ಲಿಂದ ದಿನಾ ಬಸ್ಸು ಹತ್ತಿ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಗೆ ಪಾಠ ಹೇಳಲು ಹೋಗುತ್ತೇನೆ. ಮೂರನೇ ತರಗತಿ ನನ್ನದು. ಹೋದ ವರ್ಷ ಭಾಲ್ಕಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎರಡು ದಿನ ತರಬೇತಿ ಕೊಟ್ಟರು. ಅಲ್ಲಿ ಕಲಿತ ಒಂದು ಉಪಾಯ ನನಗೆ ಬಹಳ ಹಿಡಿಸಿತು: ಮನೆಗೊಂದು ಗುರುತಿನ ಮಾತು. ಅಪ್ಪ ಅಮ್ಮನ ಬದಲು ಬೇರೆ ಯಾರಾದರೂ ಮಗುವನ್ನು ಕರೆದೊಯ್ಯಲು ಬಂದರೆ ಆ ಮಾತು ಹೇಳಬೇಕು. ಹೇಳದಿದ್ದರೆ ಮಗು ಕದಲಬಾರದು.

ಸೋಮವಾರ ಮಕ್ಕಳಿಗೆ ಹೇಳಿಕೊಟ್ಟೆ. ಬುಧವಾರದೊಳಗೆ ಊರಿಗೆಲ್ಲ ಎಲ್ಲರ ಗುಟ್ಟೂ ಗೊತ್ತಾಗಿತ್ತು. "ನಮ್ಮ ಮನೀದು ಪುಂಡಿಪಲ್ಯ!" ಎಂದು ಎರಡು ಜಡೆಯ ಹುಡುಗಿ ಬೀದಿಯುದ್ದ ಕೂಗಿಕೊಂಡು ಹೋಗಿದ್ದಳು. ಅವಳ ಜೀವದ ಗೆಳತಿ, ಮನೆಯಲ್ಲಿ ಉರ್ದು ಆಡುವವಳು, "ನಮ್ದು ಖುಬಾನಿ!" ಎಂದು ದನಿಗೂಡಿಸಿದ್ದಳಂತೆ; ಖುಬಾನಿ ಎಂದರೆ ಒಣಗಿಸಿದ ಜರ್ದಾಳು ಹಣ್ಣು. ಬಸ್ ಸ್ಟಾಂಡಿನ ಕಟ್ಟೆಯ ಮೇಲಿನ ಮುದುಕರೊಬ್ಬರು ನನ್ನನ್ನೇ ತಡೆದು, "ಟೀಚರ್‌ರಿ, ಆ ಕಡೀ ಮನಿಯವ್ರದು ಬದನಿಕಾಯಿ ಅಂತ, ನಿಮಗ ಗೊತ್ತದೇನ್ರಿ?" ಎಂದು ಕೇಳಿದರು. ನಾನು ಎಲ್ಲ ಮಾತುಗಳನ್ನೂ ಬದಲಾಯಿಸಿ, ಈ ಸಲ ಹೊರಗೆ ಬಿಟ್ಟರೆ ನೋಡಿ ಎಂದು ಮಕ್ಕಳಿಂದ ಆಣೆ ಹಾಕಿಸಿದೆ.

ಪಾಠ ತಲೆಗೆ ಹತ್ತಿದೆಯೋ ಇಲ್ಲವೋ ನೋಡಬೇಕಲ್ಲ. ಹೆಡ್‌ಮಾಸ್ತರರೂ ನಾನೂ ಸೇರಿ ಒಂದು ಪರೀಕ್ಷೆ ಇಟ್ಟೆವು. ಅದಕ್ಕೊಬ್ಬ ಅಪರಿಚಿತ ಬೇಕಿತ್ತು. ಔರಾದಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮಣ್ಣ ಆ ಊರಿಗೆ ಎಂದೂ ಕಾಲಿಟ್ಟವನಲ್ಲ. ಫೋನಿನಲ್ಲಿ ಹೇಳಿದ ಕೂಡಲೇ ಕುಣಿದ. "ಹತ್ತು ಮಿನಿಟಿನಾಗ ನಾಕು ಮಕ್ಕಳನ್ನ ಗೇಟ್ ದಾಟಿಸ್ತೇನಿ, ನೋಡ್ತಿರು. ದಿನಾ ಹೆಣ್ಮಕ್ಕಳಿಗಿ ಸೀರಿ ಮಾರಾಂವ ನಾ. ನನ್ನ ಮಾತಿಗಿ ಯಾರು ಬೀಳಲ್ಲ?"

ಊಟದ ಬಿಡುವಿಗೆ ಸ್ವಲ್ಪ ಮುಂಚೆ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಸ್ಕೂಟರ್ ಮೇಲೆ ಬಂದ. ನಾವಿಬ್ಬರೂ ಆಫೀಸಿನ ಕಿಟಕಿಯ ಹಿಂದೆ ನಿಂತೆವು. ಗೇಟಿನ ಹತ್ತಿರ ಸಿಕ್ಕವರು ಆ ಇಬ್ಬರು ಗೆಳತಿಯರೇ.

"ನಿಮ್ಮಪ್ಪ ಭಾಲ್ಕಿಗಿ ಹೋಗ್ಯಾನವಾ, ನಿನ್ನ ಕರ್ಕೊಂಡು ಬಾ ಅಂದಾನ," ಎಂದ ಅಣ್ಣ ಎರಡು ಜಡೆಯವಳಿಗೆ.

"ಮಾತು ಹೇಳ್ರಿ."

"ಇಷ್ಟೊತ್ತು ಮತ್ತೇನು ಮಾಡ್ಲತ್ತೀನಿ? ಮಾತೇ ಹೇಳ್ಲತ್ತೀನಲ್ಲ!"

"ಆ ಮಾತಲ್ರಿ. ನಮ್ಮ ಮನಿ ಮಾತು."

ಅಣ್ಣ ಮೀಸೆಯಲ್ಲೇ ನಕ್ಕ. ಬರುವಾಗ ಬಸ್ ಸ್ಟಾಂಡಿನ ಮುದುಕರ ಹತ್ತಿರ ಎಲ್ಲ ವಿಚಾರಿಸಿಕೊಂಡೇ ಬಂದಿದ್ದ ಪುಣ್ಯಾತ್ಮ. "ಪುಂಡಿಪಲ್ಯ!" ಎಂದ ಗೆದ್ದವನಂತೆ.

"ಅದು ಹಳೀದು!" ಎಂದು ಹುಡುಗಿ ಕಿರುಚಿದಳು. "ಬ್ಯಾಡ! ಬ್ಯಾಡ! ಬರ್ರಿ ಎಲ್ಲಾರೂ!"

ನಾನು ಹೇಳಿಕೊಟ್ಟದ್ದು ಕೂಗಿ ಓಡಿಹೋಗುವುದನ್ನು ಮಾತ್ರ. ಸ್ಕೂಟರಿನ ಕೀಲಿ ಕಿತ್ತುಕೊಂಡು ಓಡುವುದು ಖುಬಾನಿಯವಳ ಸ್ವಂತ ಬುದ್ಧಿ. ಆಮೇಲೆ ನಮಗೆ ಹೊಳೆಯಿತು: ಬಿಸಿಯೂಟದ ಅಕ್ಕನಿಗೆ ಪರೀಕ್ಷೆಯ ಸುದ್ದಿ ತಿಳಿಸಲು ಇಬ್ಬರೂ ಮರೆತಿದ್ದೆವು. ಆಕೆ ಸಾರಿನ ಸೌಟು ಸಮೇತ ಅಡುಗೆ ಕೋಣೆಯಿಂದ ಹಾರಿಬಂದಳು. ನಾನು ಅಂಗಳಕ್ಕೆ ಬರುವಷ್ಟರಲ್ಲಿ ಬೆನ್ನಿಗೆ ಎರಡು ಬಿದ್ದಿದ್ದವು, ಬಿಳಿ ಅಂಗಿ ಹಳದಿಯಾಗಿತ್ತು.

"ಬಿಡ್ರೀ ಅಕ್ಕಾ, ಅಂವ ನಮ್ಮಣ್ಣ!"

ಅಕ್ಕ ಸೌಟು ಇಳಿಸಿದಳು. ಎರಡು ಜಡೆಯವಳು ಮಾತ್ರ ಪಟ್ಟು ಬಿಡಲಿಲ್ಲ. "ನಿಮ್ಮಣ್ಣ ಇದ್ರ ಇರ್ಲಿ ಟೀಚರ್‌ರಿ. ಮಾತು ಹೇಳ್ಲಿಲ್ಲಲ್ಲ?"

ಹೆಡ್‌ಮಾಸ್ತರರು ಕಿಟಕಿ ಬಿಟ್ಟು ಹೊರಗೆ ಬರಲೇ ಇಲ್ಲ. ನಗು ತಡೆಯಲಾಗದೆ ಮೇಜಿನ ಮೇಲೆ ತಲೆಯಿಟ್ಟಿದ್ದರು. ಅಣ್ಣ ಬಿಸಿಯೂಟ ಉಂಡು, ಕೀಲಿಗಾಗಿ ಖುಬಾನಿಯವಳಿಗೆ ಕೈಮುಗಿದು, ಔರಾದಿಗೆ ಹೊರಟುಹೋದ.

ಮಧ್ಯಾಹ್ನ ತರಗತಿಯಲ್ಲಿ ಎಲ್ಲರಿಗೂ ಚಪ್ಪಾಳೆ ಹೊಡೆಸುತ್ತಿದ್ದೆ. ಮುಂದಿನ ಸಾಲಿನ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್‌ರಿ, ಗುರ್ತಿನವ್ರು ಇದ್ರ? ಅವ್ರಿಗಿ ಬ್ಯಾಡ ಅನಬೇಕೋ, ಅನಬಾರದೋ?"

"ಯಾರವ್ವ?"

"ಕಿರಾಣಿ ಅಂಗಡಿ ಮುತ್ಯಾ. ಉಪ್ಪು ತರಲಿಕ್ಕಿ ಹೋದ್ರ ಗಲ್ಲ ಹಿಂಡ್ತಾನ್ರಿ. ನೋವಾಗ್ತದ. ಬ್ಯಾಡ ಅಂದ್ರೂ ಬಿಡಲ್ಲ."

ಪ್ರೀತಿಲಿಂದ ಹಿಂಡ್ತಾನವ್ವ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. ಅಪರಿಚಿತರ ಬಗ್ಗೆ ಇಷ್ಟೆಲ್ಲ ಹಾರಾಡಿದ ನಾನು ಗುರುತಿನವರ ವಿಷಯ ಹೇಳಿಕೊಟ್ಟಿರಲೇ ಇಲ್ಲ. "ಅನಬೇಕು," ಎಂದೆ. "ಯಾರೇ ಇರ್ಲಿ, ನಿನಗ ಬ್ಯಾಡಾದ್ರ ಬ್ಯಾಡ. ಬಿಡ್ಲಿಲ್ಲಂದ್ರ ನನಗ ಬಂದು ಹೇಳಬೇಕು. ನೀ ಹೇಳಿದ್ದು ಚಲೋ ಆಯ್ತು."

ಸಂಜೆ ಅವಳ ಮನೆಗೆ ಹೋಗಿ ಅವ್ವನಿಗೆ ತಿಳಿಸಿ, ಹೆಡ್‌ಮಾಸ್ತರರ ಜೊತೆ ಅಂಗಡಿಗೆ ಹೋದೆ. ಮುತ್ಯಾ ಕೆಂಡವಾದ. "ಇವ್ರ ಅಪ್ಪಂದಿರ ಗಲ್ಲನೂ ನಾನೇ ಹಿಂಡೀನಿ!" ಎಂದ. "ಅವ್ರಿಗೂ ನೋವಾಗಿತ್ತು, ಹೇಳಲಿಕ್ಕಿ ಬರಲಿಲ್ಲ," ಎಂದರು ಹೆಡ್‌ಮಾಸ್ತರರು, ತಣ್ಣಗೆ. ಎಂಟು ದಿನ ಮುತ್ಯಾ ನನ್ನ ಜೊತೆ ಮಾತು ಬಿಟ್ಟ. ಒಂಬತ್ತನೆಯ ದಿನ ನೋಡಿದರೆ ಮಕ್ಕಳು ಬಂದ ಕೂಡಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಏನು ಬೇಕ್ರೀ ಬಾಯಾರೆ?" ಎನ್ನುತ್ತಿದ್ದ. ಮಕ್ಕಳಿಗೆ ಆ ಮರ್ಯಾದೆ ಎಷ್ಟು ರುಚಿಸಿತೆಂದರೆ ಬೇಕಿಲ್ಲದಿದ್ದರೂ ಉಪ್ಪಿನ ದರ ಕೇಳಲು ಹೋಗತೊಡಗಿದರು.

ನಾನು ಆ ತಿಂಗಳೆಲ್ಲ ಬೀಗಿಕೊಂಡೇ ಓಡಾಡಿದೆ. ಒಂದು ಬೆಳಿಗ್ಗೆ ಮಗ್ಗಿ ತಪ್ಪಿದ ಎರಡು ಜಡೆಯವಳ ಕಿವಿಗೆ ಅಭ್ಯಾಸಬಲದಿಂದ ಕೈ ಹಾಕಿದೆ. ಅವಳು ನೆಟ್ಟಗೆ ನನ್ನ ಮುಖ ನೋಡಿ, ಬಹಳ ವಿನಯದಿಂದ ಅಂದಳು:

"ಬ್ಯಾಡ್ರಿ ಟೀಚರ್‌ರಿ."

ನಾನು ಕೈ ಹಿಂದಕ್ಕೆ ತಗೊಂಡೆ, ತಪ್ಪಾಯ್ತು ಎಂದೆ, ಏಳರ ಮಗ್ಗಿಯನ್ನು ಮೊದಲಿನಿಂದ ನಾನೇ ಹೇಳತೊಡಗಿದೆ.