ತಂಗಿ ಕಾಯುತ್ತಿದ್ದ ಸಾಲು

ಹೊನ್ನಾವರದ ಅಂಗಡಿಯಲ್ಲಿ ದುಬಾರಿ ಹೊಸ ಲ್ಯಾಪ್‌ಟಾಪ್, ಹಳೆಯ ಸಾದಾ ಮಾದರಿ ಎರಡನ್ನೂ ಪಕ್ಕಪಕ್ಕ ಇಡಿಸಿ, ಒಂದೇ ವಿಡಿಯೊ ಹಾಕಿ ನೋಡುತ್ತಿದ್ದೆ. ಹಿರೇಗುತ್ತಿಯ ನಮ್ಮ ನೆರೆಮನೆಯ ನಾಗಕ್ಕನ ತಂಗಿ, ತೀರಿಕೊಳ್ಳುವ ಮೊದಲು ಒಬ್ಬಳೇ ಕುಳಿತು ಹೇಳಿದ ಗದ್ದೆ ನಾಟಿಯ ಹಾಡು ಅದು. ಅಕ್ಕತಂಗಿ ಸದಾ ಸಾಲಿಗೆ ಸಾಲು ಕೊಟ್ಟು ಹಾಡುವವರು. ಅಂದು ಅಕ್ಕ ಜೊತೆಗಿಲ್ಲದಿದ್ದರೂ ತಂಗಿ ತನ್ನ ಪ್ರತಿ ಸಾಲಿನ ನಂತರ ಅಕ್ಕನ ಸಾಲಿಗಾಗಿ ತಡೆದು ಕಾಯುತ್ತಿದ್ದಳು.

ಹೊಸದರಲ್ಲಿ ಅವಳ ಕೊರಳ ಮಣಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹಳೆಯದರಲ್ಲಿ ಎಲ್ಲ ಮಂಜು ಮಂಜು.

“ನಾಗಕ್ಕಾ, ಯಾವ್ದ್ರಲ್ಲಿ ಚಲೋ ಕಾಣ್ತದೆ?” ಎಂದೆ.

ಜೊತೆಗೆ ಬಂದಿದ್ದ ನಾಗಕ್ಕ ಕಣ್ಣು ಮುಚ್ಚಿದ್ದಳು. “ತಡಿ ತಮಾ, ಅವ್ಳು ಕಾಯ್ತಾ ಇದ್ದಾಳೆ” ಎಂದವಳೇ ಮುಂದಿನ ಸಾಲು ಎತ್ತಿಕೊಂಡಳು. ಅಂಗಡಿಯವರ ಕೈ ಮೌಸಿನ ಮೇಲೇ ನಿಂತಿತು.

ಮಣಿ ಎಣಿಸುವ ಆಸೆ ಹೋಗಿ, ಹಳೆಯದನ್ನೇ ಕೊಂಡೆ. ಈಗ ವಿಡಿಯೊ ಹಾಕಿದರೆ, ತಂಗಿ ಸುಮ್ಮನಾದಲ್ಲೆಲ್ಲ ನನಗೆ ನಾಗಕ್ಕನ ದನಿ ಕೇಳುತ್ತದೆ.