ನೈವೇದ್ಯವಾಗದ ಹಣ್ಣು

ಅಮೆರಿಕದ ರಾಲಿಗೆ ಹೋದ ಎರಡನೆಯ ವರ್ಷ, ತೊಂಬತ್ತರ ದಶಕದ ಮೊದಲ ಭಾಗ. ಡಾಗ್‌ವುಡ್ ಮರಗಳು ಹೂ ಬಿಟ್ಟಿದ್ದವು ಎಂದು ನೆನಪು ಹೇಳುತ್ತದೆ. ನಾನು ನಂಬುವುದಿಲ್ಲ. ನಾನು ತಪ್ಪು ಮಾಡಿದ ದಿನಗಳಿಗೆಲ್ಲ ಅದು ಹೂ ಮುಡಿಸುತ್ತದೆ. ಖಚಿತವಾಗಿ ಗೊತ್ತಿರುವುದು ಇಷ್ಟು: ನಮ್ಮಲ್ಲಿದ್ದದ್ದು ಒಂದೇ ಕಾರು. ಅದನ್ನು ನಾನು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಒಯ್ದರೆ ಹೆಂಡತಿ ಸಂಜೆಯವರೆಗೆ ಮನೆಯಲ್ಲಿ ಒಬ್ಬಳೇ.

ಬುಧವಾರ ಮಾತ್ರ ಅವಳದು. ಎದುರು ಮನೆಯ ನಿವೃತ್ತ ಟೀಚರ್ ತಮ್ಮ ಕಾರಿನಲ್ಲಿ ಅವಳನ್ನು ಚರ್ಚಿನ ಹೆಂಗಸರ ಬೈಬಲ್ ಓದಿಗೆ ಕರೆದೊಯ್ಯುತ್ತಿದ್ದರು. ಮತಾಂತರದ ಮಾತು ಯಾರೂ ಎತ್ತಲಿಲ್ಲ. ಇವಳು ಚಿತ್ರಾನ್ನ ಒಯ್ಯುತ್ತಿದ್ದಳು, ಅವರು ಪೀಚ್ ಪೈ ಕೊಟ್ಟು ಕಳಿಸುತ್ತಿದ್ದರು. ಅವಳಿಗೆ ಅಲ್ಲಿ ಗೆಳತಿಯರಾಗುತ್ತಿದ್ದರು.

ಪ್ರತಿ ವಾರ ಒಬ್ಬರು ಐದು ನಿಮಿಷ ಮಾತಾಡಬೇಕಿತ್ತು. ಇವಳ ಪಾಲಿಗೆ ಬಂದದ್ದು ಬೈಬಲಿನ ಮೊದಲ ಭಾಗವಾದ ಆದಿಕಾಂಡದ ತೋಟ. ಉಳಿದ ಮರಗಳ ಹಣ್ಣು ತಿನ್ನಿ, ಇದೊಂದನ್ನು ಬಿಡಿ ಎಂದು ದೇವರು ಹೇಳಿದ್ದು, ಆ ಮೊದಲ ಗಂಡು ಹೆಣ್ಣು ಇಬ್ಬರೂ ತಿಂದು ಹೊರಬಿದ್ದದ್ದು.

"ರೀ, ನಂಗೆ ಗೊತ್ತಾಯ್ತು," ಎಂದಳು. "ಅದು ನೈವೇದ್ಯಕ್ಕೆ ಇಟ್ಟಿದ್ದ ಹಣ್ಣು. ಹಬ್ಬದ ದಿನ ಪೂಜೆ ಆಗೋವರ್ಗೂ ಕಡುಬು ಮುಟ್ಬೇಡಿ ಅಂತಿರ್ಲಿಲ್ವಾ ನಮ್ಮಮ್ಮ, ಹಾಗೆ. ಕೆಟ್ಟದ್ದು ಅಂತಲ್ಲ, ಇನ್ನೂ ಟೈಮ್ ಆಗಿಲ್ಲ ಅಂತ."

"ಬೈಬಲ್‌ನಲ್ಲಿ ಹಾಗೆಲ್ಲಿದೆ?"

"ಎಲ್ಲಾನೂ ಬರ್ದಿರ್ತಾರಾ? ಇವ್ರು ಸ್ವಲ್ಪ ತಡ್ಕೋಬೇಕಿತ್ತು. ಆದ್ರೆ ಆ ದೇವ್ರದ್ದೂ ತಪ್ಪು. ನೈವೇದ್ಯ ಆದ್ಮೇಲೆ ಪ್ರಸಾದ ಅಂತ ವಾಪಸ್ ಕೊಡ್ಬೇಕಲ್ವಾ? ಯಾವಾಗ ಕೊಡ್ತೀನಿ ಅಂತ ಹೇಳೇ ಇಲ್ಲ. ಕಾಯೋವ್ರು ಎಷ್ಟು ದಿನ ಕಾಯ್ತಾರೆ?"

ಇಷ್ಟು ಸಲೀಸಾಗಿ ಹೇಳಿದಳೋ, ನಡುವೆ ತಡವರಿಸಿದಳೋ, ಗೊತ್ತಿಲ್ಲ. ಆಗ ನಾನು ಅರ್ಧ ಕೇಳಿ ನಕ್ಕಿದ್ದೆ.

"ಅಲ್ಲಿ ಹೋಗಿ ಕಡುಬಿನ ಕಥೆ ಹೇಳ್ತೀಯಾ? ಅದು ಸಿಂಬಲ್ ಕಣೇ."

"ಕಡುಬೂ ಸಿಂಬಲ್ಲೇ," ಎಂದಳು.

ಮರುದಿನ ಲೈಬ್ರರಿಯಿಂದ ಪುಸ್ತಕಗಳನ್ನು ತಂದೆ. ಆ ಮರ ನೈತಿಕ ಅರಿವಿನ ಸಂಕೇತ, ಹಣ್ಣು ಮುಗ್ಧತೆಯ ಅಂತ್ಯದ ಸಂಕೇತ, ಆಜ್ಞೆ ಮುರಿದದ್ದೇ ಮನುಷ್ಯನ ಸ್ವಾತಂತ್ರ್ಯದ ಆರಂಭ ಎಂದೆಲ್ಲ ಇಂಗ್ಲಿಷಿನಲ್ಲಿ ಒಂದೂವರೆ ಪುಟ ಟೈಪ್ ಮಾಡಿ ಕೊಟ್ಟೆ. ಊರಿಗೆ ಹೊಸಬಳು, ನಗೆಪಾಟಲಾಗಬಾರದು ಎಂಬ ಕಾಳಜಿ ಅದು. ಈಗ ಬರೆಯುವಾಗ ಕಾಳಜಿ ಎಂಬ ಪದ ನನ್ನ ಪರವಾಗಿ ವಾದಿಸುತ್ತಿದೆ. ಹೆಂಡತಿ ಏನೋ ಕಂಡುಕೊಂಡಿದ್ದಳು, ನನಗೆ ಅದು ಹೊಳೆದಿರಲಿಲ್ಲ, ಅದೂ ಕಾರಣವಿರಬಹುದು. ಅವಳು ಅಡುಗೆ ಮಾಡುತ್ತಲೇ ಆ ಪುಟಗಳನ್ನು ಬಾಯಿಪಾಠ ಮಾಡಿದಳು. ನಾನು ಉಚ್ಚಾರ ತಿದ್ದಿದೆ.

ಬುಧವಾರ ಸಂಜೆ ಬಂದವನೇ ಕೇಳಿದೆ: "ಹೇಗಾಯ್ತು?"

"ಚಪ್ಪಾಳೆ ಹೊಡೆದ್ರು."

"ನೋಡಿದ್ಯಾ!"

"ಆಮೇಲೆ ಟೀಚರ್ ಕೇಳಿದ್ರು. ಹನಿ, ಇದೆಲ್ಲ ಚೆನ್ನಾಗಿದೆ, ನಿಂಗೇನನ್ಸುತ್ತೆ ಅಂತ."

"ಏನಂದೆ?"

"ನಿಮ್ಮ ಪೇಪರ್ ತೋರಿಸಿ, ಇದೇ ಅಂದೆ."

"ಅಯ್ಯೋ, ಆಗಾದ್ರೂ ಕಡುಬಿನ ವಿಷಯ ಹೇಳ್ಬಹುದಿತ್ತಲ್ಲ."

ಅವಳು ನನ್ನನ್ನು ನೋಡಿದಳು. ಕೋಪವಿತ್ತು ಎಂದರೆ ನನಗೆ ಸಮಾಧಾನವಾಗುತ್ತಿತ್ತು, ಇದ್ದಂತೆ ನೆನಪಿಲ್ಲ. ಮಾತು ಬದಲಿಸಲು ಮುಂದಿನ ವಾರ ಯಾವ ಅಧ್ಯಾಯ ಎಂದು ಕೇಳಿದೆ.

"ನೀವೇ ಹೋಗ್ಬನ್ನಿ. ಎಲ್ಲಾ ನಿಮ್ಗೇ ಗೊತ್ತಲ್ಲ."

ತಮಾಷೆ ಎಂದುಕೊಂಡೆ. ಮುಂದಿನ ಬುಧವಾರ ಟೀಚರ್ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ, ಇವಳು ಹೊರಗೆ ಬಾರದಿದ್ದರೂ ಸ್ವಲ್ಪ ಹೊತ್ತು ಕಾದರಂತೆ, ಅದರ ಮುಂದಿನ ಬುಧವಾರವೂ. ಎಷ್ಟು ವಾರ ಹಾಗೆ ಕಾದರೋ ಹೇಳಲಾರೆ. ಆ ಹೊತ್ತಿಗೆ ನಾನು ಕೆಲಸದಲ್ಲಿರುತ್ತಿದ್ದೆ.