ಖಂಡೇನವಮಿಯ ರಾತ್ರಿ ಕೊಂಡಿ ಬಿಚ್ಚದ ಗಾಡಿ

ನಮ್ಮ ಟ್ರೇಲರ್ ಕಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: ಇದರೊಳಗೇ ಮಲಗುತ್ತೀರಾ? ಮಲಗುವುದಿಲ್ಲ, ರೊಟ್ಟಿ ಬಡಿಯುತ್ತೇವೆ. ಯಾರೋ ಊರೂರು ತಿರುಗುವ ಹುಚ್ಚಿಗೆ ಮಾಡಿಸಿ, ಎರಡೇ ವರ್ಷಕ್ಕೆ ಬೇಸರ ಬಂದು ಮಾರಿದ ಟ್ರೇಲರ್ ಅದು. ಒಳಗಿದ್ದ ಹಾಸಿಗೆ ಕಿತ್ತು ಒಲೆ, ಹಂಚು, ನೀರಿನ ಟಾಕಿ ಕೂರಿಸಿದೆವು. ಹಳೆಯ ಜೀಪಿನ ಹಿಂದೆ ಕೊಂಡಿ ಹಾಕಿ ದಿನಾ ಕೊಂಢವಾದಿಂದ ಮಗರಪಟ್ಟಾಕ್ಕೆ ಎಳೆದುಕೊಂಡು ಹೋಗುವುದು, ಮಧ್ಯಾಹ್ನ ಆಫೀಸಿನವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸುವುದು, ಸಂಜೆಯೊಳಗೆ ಮನೆಗೆ ಬರುವುದು. ವಿಜಯಪುರದ ಕಡೆಯಿಂದ ಬಂದ ಗಂಡಹೆಂಡತಿ ನಮ್ಮಿಬ್ಬರಿಗೆ ಪುಣೆ ಕೊಟ್ಟ ಕೆಲಸ ಇದು.

ಆ ಗಾಡಿಯ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ. ಒಂದಲ್ಲ, ಎರಡು. ಮೊದಲನೆಯದನ್ನು ಇಡೀ ಗಲ್ಲಿ ಕಂಡಿದೆ, ನನ್ನದೆಂದು ಮಾತ್ರ ಗೊತ್ತಿಲ್ಲ. ಎರಡನೆಯದರ ಬಗ್ಗೆ ಇಲ್ಲಿಯವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ನಮ್ಮ ಗಲ್ಲಿ ಒಂದು ಕಡೆ ರಸ್ತೆಗೆ ತೆರೆದುಕೊಂಡಿದೆ, ಇನ್ನೊಂದು ಕಡೆ ಗೋಡೆ. ನಮ್ಮ ಮನೆ ನಡುವೆ. ನಮ್ಮನ್ನು ದಾಟಿ ಒಳಗೆ, ಗೋಡೆಗೆ ತಾಗಿದ ಕೊನೆಯ ಮನೆ ಕಾಕಾ ಮತ್ತು ಕಾಕೂ ಅವರದು. ಮರಾಠಿಯವರು, ಗಂಡಹೆಂಡತಿ ಇಬ್ಬರೇ. ಕಾಕಾ ಬಸ್ಸು ಓಡಿಸಿ ನಿವೃತ್ತರಾದವರು. ನಮ್ಮ ಮನೆಯ ಪಕ್ಕ ನೀರಿನ ತೊಟ್ಟಿಗೂ ಗೋಡೆಗೂ ನಡುವೆ ಒಂದು ಸಂದು ಇದೆ, ಟ್ರೇಲರ್ ಅಳತೆ ಕೊಟ್ಟು ಹೊಲಿಸಿದಂತೆ ಅಲ್ಲಿ ಕೂರುತ್ತದೆ. ಆದರೆ ಜೀಪಿನ ಸಮೇತ ಅಲ್ಲ. ಕೊಂಡಿ ಬಿಚ್ಚಬೇಕು, ಟ್ರೇಲರ್ ಅನ್ನು ಕೈಯಿಂದ ತಳ್ಳಿ ಸಂದಿಗೆ ಸೇರಿಸಬೇಕು, ಚಕ್ರಕ್ಕೆ ಕಲ್ಲು ಕೊಡಬೇಕು. ಬಿಚ್ಚದೆ ಬಿಟ್ಟರೆ ಅದು ಗಲ್ಲಿಯಲ್ಲೇ ನಿಲ್ಲುತ್ತದೆ, ಆಮೇಲೆ ಒಂದು ಸ್ಕೂಟರ್ ತೂರುವಷ್ಟೂ ಜಾಗ ಉಳಿಯುವುದಿಲ್ಲ.

ಇದನ್ನು ನಮಗೆ ಕಲಿಸಿದವರೇ ಕಾಕಾ. ನಮ್ಮ ಮನೆಯವರಿಗೆ ಮೊದಲು ಜೀಪಿನಿಂದ ಟ್ರೇಲರ್ ಹಿಂದಕ್ಕೆ ತಳ್ಳಲು ಬರುತ್ತಿರಲಿಲ್ಲ. ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತಿತ್ತು, ಇವರು ನನ್ನ ಮೇಲೆ ಹರಿಹಾಯುತ್ತಿದ್ದರು. ಕಾಕಾ ಪಂಚೆ ಎತ್ತಿ ಕಟ್ಟಿ ಹಿಂದೆ ನಿಂತು, "ಯೇಊ ದೇ, ಯೇಊ ದೇ… ಬಸ್!" ಎನ್ನುತ್ತಿದ್ದರು, ಬರಲಿ, ಬರಲಿ, ಸಾಕು ಎಂದು. ನನಗೆ ದಿನಾ ಒಂದೇ ಮಾತು: "ಪೋರಿ, ಗಾಡೀ ರೋಜ್ ಸೋಡಾಯ್ಚೀ." ಗಾಡಿ ದಿನಾ ಬಿಚ್ಚಬೇಕು ಮಗಳೇ ಎಂದು. ಗಲ್ಲಿಗೆ ಯಾವಾಗ ಏನು ಬರಬೇಕಾಗುತ್ತದೋ ಯಾರು ಕಂಡಿದ್ದಾರೆ ಎಂಬುದು ಅವರ ವಾದ. ನಾನು ಒಳಗೊಳಗೇ, ಈ ಗಲ್ಲಿಗೆ ಕಸದ ಗಾಡಿಯೇ ಸರಿಯಾಗಿ ಬರುವುದಿಲ್ಲ, ಇನ್ನೇನು ಬರಬೇಕು ಎಂದು ಗೊಣಗಿಕೊಳ್ಳುತ್ತಿದ್ದೆ.

ಆ ವರ್ಷ ಖಂಡೇನವಮಿಗೆ ನನಗೆ ಎಲ್ಲಿಲ್ಲದ ಹುರುಪು. ಗಾಡಿಯ ಸಾಲ ತೀರಿದ ಮೇಲೆ ಬಂದ ಮೊದಲ ಹಬ್ಬ ಅದು. ನಮ್ಮ ತವರಿನಲ್ಲಿ ಖಂಡೇಪೂಜೆ, ಅದೇ ಆಯುಧಪೂಜೆ, ಎಂದರೆ ಪೂಜೆಗಿಟ್ಟ ಸಾಮಾನನ್ನು ಮರುದಿನ ಸ್ನಾನ ಮಾಡಿ ಆರತಿ ಎತ್ತುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಈಳಿಗೆಯನ್ನೂ ಇಡುತ್ತಿದ್ದರು, ಹಾಗಾಗಿ ಆ ದಿನದ ಕಾಯಿಪಲ್ಲೆ ಮೊದಲೇ ಹೆಚ್ಚಿಡಬೇಕು. ಚಿಕ್ಕವಳಿದ್ದಾಗ ಒಮ್ಮೆ ಪೂಜೆಗಿಟ್ಟ ಕತ್ತರಿಯನ್ನು ಸ್ನಾನವಿಲ್ಲದೆ ಎತ್ತಿಕೊಂಡಿದ್ದಕ್ಕೆ ಅವ್ವ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿ, ತಲೆಯ ಮೇಲೆ ತಣ್ಣೀರು ಸುರಿದಿದ್ದಳು. ಅವತ್ತಿನಿಂದ ದೇವರ ಮುಂದಿನ ಸಾಮಾನು ಎಂದರೆ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತದೆ.

ಜೀಪು, ಟ್ರೇಲರ್ ಎರಡನ್ನೂ ತೊಳೆದೆ. ಜೀಪಿನ ಮೂತಿಯಿಂದ ಟ್ರೇಲರಿನ ಬೆನ್ನಿನವರೆಗೆ ಒಂದೇ ಚೆಂಡು ಹೂವಿನ ಸರ, ಎರಡೂ ಬದಿಗೆ ಬಾಳೆಕಂದು, ಕೊಂಡಿಗೆ ಅರಿಷಿಣ ಕುಂಕುಮ. ಕುಂಬಳಕಾಯಿ ಒಡೆದದ್ದಾಯಿತು. ಆಮೇಲೆ ನಟ್ಟು ಬಿಚ್ಚುವ ಪಾನಾ, ಜಾಕು, ಜೀಪಿನ ಚಾವಿ, ಕೊಂಡಿಯ ಬೀಗದ ಚಾವಿ ಎಲ್ಲವನ್ನೂ ಕೆಂಪು ಬಟ್ಟೆಯಲ್ಲಿ ಕಟ್ಟಿ ಒಳಗೆ ನವರಾತ್ರಿಗೆ ಕೂರಿಸಿದ ಘಟದ ಮುಂದೆ ಇಡಲು ಎತ್ತಿಕೊಂಡೆ.

"ತಡಿ, ಚಾವಿ ಕೊಡು. ಬಿಚ್ಚಿ ಒಳಗ ಹಾಕಿಬಿಡ್ತೀನಿ," ಎಂದರು ಇವರು.

"ಜೋಡಿ ಪೂಜಿ ಮಾಡೀನ್ರಿ. ಹೂವಿನ ಸರ ಹರದು ಬಿಚ್ತೀರೇನು? ನಾಳೆ ಮುಂಜಾನೆ ಆರತಿ ಆಗೂತನಾ ಅದರ ಗೊಡವಿಗೆ ಹೋಗಬ್ಯಾಡ್ರಿ."

"ಗಲ್ಲಿ ಕಟ್ಟಿದಂಗ ಆಗತದಲ್ಲ?"

"ಒಂದ್ ರಾತ್ರಿಗೆ ಯಾವ ರಾಜಾ ಬರಾಂವ ಅದಾನ್ರಿ ಈ ಗಲ್ಲಿಗೆ?"

ಕಾಕಾ ಪ್ರಸಾದಕ್ಕೆ ಬಂದವರು ಅಲ್ಲೇ ನಿಂತಿದ್ದರು. ನಮ್ಮ ಕನ್ನಡ ಅವರಿಗೆ ಪೂರ್ತಿ ತಿಳಿಯದಿದ್ದರೂ ಗಾಡಿಯ ಮಾತು ತಿಳಿಯುತ್ತಿತ್ತು. ತಮ್ಮ ಮಾಮೂಲು ಮಾತು ಎತ್ತಿದರು. "ಆಜ್ ಏಕಚ್ ರಾತ್ರ, ಕಾಕಾ," ಎಂದೆ, ಇವತ್ತೊಂದೇ ರಾತ್ರಿ ಎಂದು. ಅವರು ಹೂವಿನ ಸರವನ್ನೂ ನನ್ನ ಮುಖವನ್ನೂ ನೋಡಿ ನಕ್ಕು, ಟ್ರೇಲರಿಗೂ ಗೋಡೆಗೂ ನಡುವೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನುಸುಳಿ ಮನೆಗೆ ಹೋದರು. ಅದನ್ನು ನೋಡಿ ನಾವಿಬ್ಬರೂ ನಕ್ಕೆವು.

ಮರುದಿನ ಆಗಷ್ಟೇ ಬೆಳಕು ಹರಿದಿತ್ತು. ಕಾಕೂ ಕೂಗಿದ ಸದ್ದಿಗೆ ಎಚ್ಚರವಾಯಿತು. ಇವರು ಬರಿಗಾಲಲ್ಲೇ ಓಡಿದರು, ಹಿಂದೆ ನಾನು. ಕಾಕಾ ಹೊಸ್ತಿಲ ಮೇಲೆ ಕೂತಿದ್ದರು. ಬನಿಯನ್ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಎದೆಯ ಮೇಲೆ ಕೈ ಒತ್ತಿ ಹಿಡಿದಿದ್ದರು, ಮಾತಾಡಲು ಹೋದರೆ ಉಸಿರು ಸಾಲುತ್ತಿರಲಿಲ್ಲ. ಇವರು ಆಂಬ್ಯುಲೆನ್ಸಿಗೆ ಫೋನ್ ಹಚ್ಚಿದರು. ದಸರೆಯ ಮುಂಜಾನೆ, ರಸ್ತೆ ಖಾಲಿ. ಉಳಿದ ದಿನ ತಾಸುಗಟ್ಟಲೆ ಕಾಯಿಸುವ ಈ ಊರು ಅವತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಆಂಬ್ಯುಲೆನ್ಸ್ ಕಳಿಸಿತು. ಅದು ಗಲ್ಲಿಯೊಳಗೆ ಬಂದು, ನಮ್ಮ ಅಲಂಕಾರದ ಮುಂದೆ ನಿಂತುಬಿಟ್ಟಿತು.

ಹಾರನ್ ಬಾರಿಸಿದರು. ಬಾರಿಸಿದರೆ ಏನಾಗುತ್ತದೆ? ಜೀಪು ಗೇರಿನಲ್ಲಿತ್ತು, ಕೊಂಡಿಗೆ ಬೀಗ ಬಿದ್ದಿತ್ತು. ಆಂಬ್ಯುಲೆನ್ಸಿನ ಡಾಕ್ಟರ್, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಚೀಲ ಎದೆಗವಚಿಕೊಂಡು ಸಂದಿನಲ್ಲಿ ನುಸುಳಿ ಒಳಗೆ ಬಂದಳು. ಸ್ಟ್ರೆಚರ್ ಆಚೆಗೇ ಉಳಿಯಿತು. ಕಾಕಾನ ನಾಲಿಗೆಯ ಕೆಳಗೆ ಗುಳಿಗೆ ಇಟ್ಟು, ನಡೆಸಬೇಡಿ, ತಕ್ಷಣ ಗಾಡಿಗೆ ಹಾಕಬೇಕು, ಈ ಡಬ್ಬ ತೆಗೆಯಿರಿ ಎಂದಳು. ಆ ಮಾತನ್ನು ಅವಳು ಮರಾಠಿಯಲ್ಲಿ ಎರಡು ಸಲ ಹೇಳಿದಳು.

ಇವರು ಕಾಕಾನನ್ನು ಆತು ಹಿಡಿದುಕೊಂಡಿದ್ದರು. ಅಲ್ಲಿಂದಲೇ ಕೂಗಿದರು: "ಚಾವಿ ತಾ! ಲಗೂನ ಚಾವಿ ತಾ!"

ನಾನು ಮನೆಗೆ ಓಡಿದೆ. ದೇವರ ಮುಂದೆ ಬಂದು ನಿಂತೆ. ಘಟದ ಮಣ್ಣಿನಲ್ಲಿ ಸಸಿ ಹಳದಿಯಾಗಿ ಎದ್ದು ನಿಂತಿತ್ತು, ನಂದಾದೀಪ ಉರಿಯುತ್ತಿತ್ತು, ಅದರ ಮುಂದೆ ಕೆಂಪು ಬಟ್ಟೆಯ ಗಂಟು. ಕೈ ಚಾಚಿದರೆ ಸಿಗುತ್ತಿತ್ತು. ನಾನು ಚಾಚಲಿಲ್ಲ. ಹಾಸಿಗೆಯಿಂದ ಎದ್ದ ಮೈಯಲ್ಲಿದ್ದೆ, ಬಾಯಿ ಕೂಡ ತೊಳೆದಿರಲಿಲ್ಲ.

ನಾನು ಸ್ನಾನಕ್ಕೆ ಹೋದೆ.

ಬೇರೆ ಯಾರಾದರೂ ಹೀಗೆ ಮಾಡಿದರು ಎಂದು ಕೇಳಿದ್ದರೆ ನಾನೇ, ಅವಳೇನು ಹೆಂಗಸೋ ಕಲ್ಲೋ ಎಂದು ಉಗಿಯುತ್ತಿದ್ದೆ. ಆಗ ಮಾತ್ರ ಅದು ನನಗೆ ತಡ ಮಾಡುವುದು ಎಂದು ಹೊಳೆಯಲೇ ಇಲ್ಲ. ಅತ್ಯಂತ ಅವಸರದ ಕೆಲಸ ಮಾಡುತ್ತಿದ್ದೇನೆ ಎಂದೇ ಅನಿಸಿತ್ತು. ಮೈಲಿಗೆಯ ಕೈಯಲ್ಲಿ ಗಂಟು ಬಿಚ್ಚಿದರೆ ಅದರ ಪಾಪ ಕಾಕಾನ ಮೇಲೆಯೇ ಬಿದ್ದೀತು, ಅವರು ಉಳಿಯಬೇಕಾದರೆ ತಪ್ಪು ಆಗಕೂಡದು ಎಂದು ಮನಸ್ಸು ಹೇಳುತ್ತಿತ್ತು. ಡ್ರಮ್ಮಿನ ತಣ್ಣೀರು ತಲೆಯ ಮೇಲೆ ಸುರಿದುಕೊಂಡೆ, ಒಂದು ಚೊಂಬು, ಎರಡು, ಮೂರು. ಹೊರಗೆ ಇವರ ದನಿ ಮತ್ತೆ ಕೇಳಿಸಿತು. "ಬಂದೆರೀ" ಎಂದು ಬಚ್ಚಲಿನಿಂದಲೇ ಕೂಗಿದೆ. ಸೀರೆ ಸಿಗಲಿಲ್ಲ. ಸಿಕ್ಕ ಮೇಲೆ ನೆರಿಗೆ ನಿಲ್ಲಲಿಲ್ಲ. ಹೇಗೋ ಸುತ್ತಿಕೊಂಡು ದೇವರ ಮುಂದೆ ಬಂದು, ಇದೂ ಹೇಳಿಬಿಡುತ್ತೇನೆ, ಊದಿನಕಡ್ಡಿ ಹಚ್ಚಿದೆ. ಒದ್ದೆ ಕೈಗೆ ಎರಡು ಬೆಂಕಿಕಡ್ಡಿ ಆರಿಹೋದವು. ಮೂರನೆಯದಕ್ಕೆ ಹತ್ತಿತು. ನಮಸ್ಕಾರ ಮಾಡಿ ಗಂಟು ಎತ್ತಿಕೊಂಡೆ. ಒಂದು ಪಾತ್ರೆ ಚಹಾ ಕುದಿಸಿ ಇಳಿಸುವಷ್ಟು ಹೊತ್ತಾಗಿತ್ತು.

ಹೊರಗೆ ಬಂದಾಗ ಕಾಕಾನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಟ್ರೇಲರಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಓರೆಯಾಗಿ ಎತ್ತಿ ದಾಟಿಸಲು ಮೂರು ಜನ ಒದ್ದಾಡುತ್ತಿದ್ದರು. ಕುರ್ಚಿಯ ಕಾಲು ಹೂವಿನ ಸರಕ್ಕೆ ಸಿಕ್ಕಿಕೊಂಡು ವಾಲಿತು. ಕಾಕಾ ಉಸಿರಿಗಾಗಿ ಬಾಯಿ ತೆರೆದರು. ಡಾಕ್ಟರ್ ಹುಡುಗಿ ಇಳಿಸಿ ಇಳಿಸಿ ಎಂದು ಕಿರುಚಿದಳು. ಇವರು ನನ್ನ ಕೈಯಿಂದ ಗಂಟನ್ನು ಕಿತ್ತುಕೊಂಡರು. ನನ್ನ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಒಂದು ಗಳಿಗೆ ನೋಡಿ ಜೀಪಿನ ಕಡೆ ಓಡಿದರು.

ಜೀಪು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಚಾಲೂ ಆಯಿತು. ಆಂಬ್ಯುಲೆನ್ಸ್ ಹಿಂದೆ ಸರಿದು ರಸ್ತೆಗೆ ಹೋಗಬೇಕು, ಆಮೇಲೆ ನಮ್ಮ ಗಾಡಿ ಹೊರಬೀಳಬೇಕು, ಆಮೇಲೆ ಅದು ಮತ್ತೆ ಒಳಗೆ ಬರಬೇಕು. ಬಾಳೆಕಂದು ಅಲ್ಲಾಡಿಸುತ್ತ, ಒಳಗಿನ ಪಾತ್ರೆಗಳು ದಡಬಡ ಎನ್ನುತ್ತ ನಮ್ಮ ಗಾಡಿ ಮದುವೆಯ ದಿಬ್ಬಣದ ಹಾಗೆ ಹೊರಟಿತು. ಅಷ್ಟೊತ್ತಿಗೆ ಕಾಕಾ ಕುರ್ಚಿಯಲ್ಲಿ ಕುತ್ತಿಗೆ ಚೆಲ್ಲಿದ್ದರು. ಕಾಕೂ ಅವರ ಗಲ್ಲ ತಟ್ಟುತ್ತ "ಅಹೋ, ಐಕಾ ನಾ, ಅಹೋ" ಎನ್ನುತ್ತಲೇ ಇದ್ದರು. ರೀ, ಕೇಳ್ರೀ ಎನ್ನುವ ಆ ಕರೆ ಯಾವ ಭಾಷೆಯಲ್ಲಾದರೂ ಹೆಂಡತಿಗೇ ಗೊತ್ತು. ನಾನು ದೇವರೇ ದೇವರೇ ಎನ್ನುತ್ತ ನಿಂತಿದ್ದೆ, ನನ್ನ ದೇವರನ್ನು ಕರೆಯಲು ನನಗೇ ಹೆದರಿಕೆಯಾಗುತ್ತಿತ್ತು.

ಮಧ್ಯಾಹ್ನದೊಳಗೆ ಆಸ್ಪತ್ರೆಯಿಂದ ಕಾಕಾ ಹೋದ ಸುದ್ದಿ ಬಂತು. ಆ ದಸರೆಗೆ ನಮ್ಮ ಗಲ್ಲಿಯಲ್ಲಿ ಯಾರೂ ಯಾರಿಗೂ ಬನ್ನಿ ಕೊಡಲಿಲ್ಲ. ಟ್ರೇಲರ್ ಅಡ್ಡ ನಿಂತದ್ದಕ್ಕೆ ಕೆಲವರು ಇವರನ್ನು ಮುಖಕ್ಕೇ ಬೈದರು. ಇವರು ತಲೆ ತಗ್ಗಿಸಿ ಕೇಳಿಕೊಂಡರು, ಬಿಚ್ಚಬೇಡಿ ಎಂದವಳು ನಾನು ಎಂದು ಒಬ್ಬರಿಗೂ ಹೇಳಲಿಲ್ಲ.

ನಾಲ್ಕೈದು ದಿನ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ಕೊನೆಗೆ ಇವರನ್ನು ಕೇಳಿಯೇಬಿಟ್ಟೆ.

"ಡಾಕ್ಟರ್ ಏನಂದ್ರು ರೀ? ಇನ್ನಷ್ಟು ಲಗೂ ಒಯ್ದಿದ್ರ ಉಳೀತಿದ್ರೇನು?"

"ಅದನ್ನ ಯಾರೂ ಹೇಳಾಕ ಬರೂದಿಲ್ಲಂತ."

"ನಾ ಚಾವಿ ತರೂದು ತಡ ಆತಲ್ರಿ…"

"ಸಾಕ್ ಬಿಡು," ಎಂದು ಎದ್ದು ಹೊರಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಗಾಡಿಗೆ ಗೀರು ಬಿದ್ದದ್ದಕ್ಕೆ ಮೂರು ದಿನ ಬಯ್ಯುವ ಮನುಷ್ಯ ಈ ವಿಷಯದಲ್ಲಿ ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ಕಾಕೂ ಕರೆದರು. ಹೋಗದೆ ಇರಲಾಗಲಿಲ್ಲ. ಸಾತಾರಾ ಕಡೆಯ ಅವರ ನೆಂಟರು ಮನೆ ತುಂಬ ಕೂತಿದ್ದರು. ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ, ಮರಾಠಿಯಲ್ಲಿ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ, ಆ ನಾಲ್ಕು ಹೆಜ್ಜೆಯ ದಾರಿಯಲ್ಲಿ, ಮಾತು ಜೋಡಿಸಿಕೊಂಡಿದ್ದೆ. ಕಾಕೂ ನನ್ನನ್ನು ಕಂಡದ್ದೇ ಎದ್ದು ಬಂದು ಕೈ ಹಿಡಿದುಕೊಂಡರು. ನೆಂಟರ ಕಡೆ ತಿರುಗಿ, "ಹೀಚ್ ತೀ. ಅಂಘೋಳ ಅರ್ಧೀ ಟಾಕೂನ್ ಧಾವತ ಆಲೀ, ಕೇಸಾತೂನ್ ಪಾಣೀ ಗಳತ ಹೋತಂ," ಎಂದರು. ಇವಳೇ ಅವಳು, ಸ್ನಾನ ಅರ್ಧಕ್ಕೆ ಬಿಟ್ಟು ಓಡಿ ಬಂದಳು, ಕೂದಲಿನಿಂದ ನೀರು ಸೋರುತ್ತಿತ್ತು ಎಂದು. ಹೆಂಗಸರೆಲ್ಲ ನನ್ನನ್ನು ನೋಡಿದರು. ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೋಯ್ ನಾ ಗ?" ಎಂದು ಕಾಕೂ ನನ್ನನ್ನೇ ಕೇಳಿದರು. ಹೌದು ತಾನೇ?

"ಹೋಯ್ ಕಾಕೂ," ಎಂದೆ.

ಅವರು ನನ್ನನ್ನು ಕೈ ಹಿಡಿದು ಪಂಕ್ತಿಯಲ್ಲಿ ತಮ್ಮ ತಂಗಿಯ ಪಕ್ಕ ಕೂರಿಸಿ, ಎಲ್ಲರಿಗಿಂತ ಮೊದಲು ನನ್ನ ಎಲೆಗೆ ಬಡಿಸಿದರು. ನಾನು ಉಂಡೆ.